ಕಡವು ದಾಟಿ ಬಂದ ಪೆರ್ನಾಲ್

ಈಗ ಪೆರ್ನಾಲ್ ಮೊಬೈಲಿನಲ್ಲಿ ಬರುತ್ತದೆ. ಮಗ್ರಿಬ್ ನಮಾಝ್ ಮುಗಿಸಿ ಪಳ್ಳಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಕಿಸೆಯೊಳಗೆ ಟಿಣ್ ಟಿಣ್ ಅಂತ ಶುರುವಾಗುತ್ತದೆ. ಚಂದ್ರದರ್ಶನ ಆಯಿತಂತೆ, ನಾಳೆ ಈದ್ ಅಂತೆ. ಮನೆಗೆ ಹೋಗಿ ಹೇಳೋಣ ಅಂದರೆ ಅಲ್ಲಿ ಮೊಮ್ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ದುಬೈಯಲ್ಲಿರುವ ಮಗ ವೀಡಿಯೋ ಕಾಲ್‌ನಲ್ಲಿ ನಗುತ್ತಾ ಕೂತಿರುತ್ತಾನೆ. ಸುದ್ದಿ ಹೊತ್ತು ತರುವವರ ಹಂಗು ಈಗ ನಮಗಿಲ್ಲ.

ಆದರೆ ಒಂದು ಕಾಲದಲ್ಲಿ ಪೆರ್ನಾಲ್ ದೋಣಿಯಲ್ಲಿ ಬರುತ್ತಿತ್ತು. ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ, ಕೊನೆಯ ಬಸ್ಸಿನಲ್ಲಿ, ಮೀನು ಮಾರುವವರ ಸೈಕಲ್ಲಿನಲ್ಲಿ ಬರುತ್ತಿತ್ತು. ಕೆಲವೊಮ್ಮೆ ಬರುವಾಗ ತಡವಾಗಿಯೂ ಬಿಡುತ್ತಿತ್ತು. ಮಂಗಳೂರಿನ ಬಂದರ್, ಕುದ್ರೋಳಿ, ಕಂದಕ್ ಕಡೆಯವರು ಬಾವುಟಗುಡ್ಡದ ಈದ್ಗಾದಿಂದ ಇಳಿದು ತುಪ್ಪದನ್ನಕ್ಕೆ ಕೂತ ಹೊತ್ತಿಗೆ, ಒಳನಾಡಿನ ಯಾವುದೋ ಗುಡ್ಡದಾಚೆಯ ಜಮಾಅತಿನಲ್ಲಿ ಜನ ಇನ್ನೂ ಉಪವಾಸ ಹಿಡಿದು ಕೂತಿದ್ದ ಕತೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಸುದ್ದಿ ತಲುಪಿರಲಿಲ್ಲ, ಅಷ್ಟೆ.

ಇದು ಬರೀ ಹೊಟ್ಟೆಯ ಮಾತಲ್ಲ. ಫಿತ್ರ್ ಝಕಾತಿನ ಅಕ್ಕಿ ಪೆರ್ನಾಲ್ ನಮಾಝಿಗೆ ಮೊದಲೇ ಬಡವರ ಮನೆ ಸೇರಬೇಕು. ಸುದ್ದಿ ತಡವಾದರೆ ಅಕ್ಕಿಯೂ ತಡ. ಅಕ್ಕಿ ತಡವಾದರೆ ಯಾರದೋ ಮನೆಯ ಒಲೆ ಹಬ್ಬದ ದಿನವೂ ತಣ್ಣಗೆ. ಹಾಗಾಗಿ ದೋಣಿಯವನ ತೋಳು, ಬಸ್ಸಿನ ಎಂಜಿನ್ನು, ಸೈಕಲ್ಲಿನ ಚೈನು ಎಲ್ಲವೂ ನಮ್ಮ ಹಬ್ಬದ ಲೆಕ್ಕದೊಳಗೇ ಇದ್ದವು.

ಮೂರು ಆಗಸ್ಟ್‌ಗಳು

ನಮ್ಮ ಹಬ್ಬಕ್ಕೆ ಇಂಥದ್ದೇ ಋತು ಅಂತ ಇಲ್ಲ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಪೆರ್ನಾಲ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಸೆಕೆಯಲ್ಲಿ ಬಂದ ಪೆರ್ನಾಲ್ ಬೇರೆ, ಮಳೆಯಲ್ಲಿ ಬಂದ ಪೆರ್ನಾಲ್ ಬೇರೆ. ಕರಾವಳಿಯ ನಮಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕಡಲು ಮುಚ್ಚುತ್ತದೆ, ಹೊಳೆ ಕೆರಳುತ್ತದೆ, ಘಾಟಿ ಜರಿಯುತ್ತದೆ. ಆಕಾಶದ ತುಂಬಾ ಮೋಡ. ಚಂದ್ರ ಕಾಣುವುದೇ ಇಲ್ಲ. ಕಂಡವರು ಬೇರೆ ಊರಿನವರು, ಅವರ ಮಾತು ನಮ್ಮಲ್ಲಿಗೆ ತಲುಪಬೇಕು. ದಾರಿಯೇ ಇಲ್ಲದ ದಿನಗಳಲ್ಲಿ ದಾರಿಯ ಅಗತ್ಯ ಎಲ್ಲಕ್ಕಿಂತ ಹೆಚ್ಚು.

ಈ ಲೆಕ್ಕದಲ್ಲಿ ಮೂರು ಆಗಸ್ಟ್‌ಗಳನ್ನು ನೋಡೋಣ. 1947ರಲ್ಲಿ ಚೆರಿಯ ಪೆರ್ನಾಲ್ ಆಗಸ್ಟ್‌ನಲ್ಲಿ ಬಂತು. 33 ವರ್ಷ ಕಳೆದು 1980ರಲ್ಲಿ ಮತ್ತೆ ಆಗಸ್ಟ್. ಇನ್ನೊಂದು 33 ವರ್ಷ ಕಳೆದು 2013ರಲ್ಲಿ ಮತ್ತೆ ಆಗಸ್ಟ್. ಅದೇ ನೇತ್ರಾವತಿ, ಅದೇ ಕೆಂಪು ನೀರು, ಅದೇ ಜಡಿಮಳೆ. ಆದರೆ ಆ ಹೊಳೆಯನ್ನು ಪೆರ್ನಾಲ್ ದಾಟಿದ ರೀತಿ ಮಾತ್ರ ಮೂರು ಸಲವೂ ಬೇರೆ ಬೇರೆ.

ರೈಲು ಸೇತುವೆಯ ಮೇಲೆ ಒಂದು ಗಂಟು

ಮೊದಲ ಆಗಸ್ಟ್‌ನ ಕತೆ ನಮಗೆ ಸಿಕ್ಕಿದ್ದು ಉಳ್ಳಾಲದ ಕಡೆಯ, ನಮ್ಮ ಸಂಬಂಧದ ಒಬ್ಬ ಹಿರಿಯ ಉಮ್ಮನಿಂದ. ಎಂಬತ್ತು ದಾಟಿ ವರ್ಷಗಳಾದವು. ಕಣ್ಣು ಮಂದ, ಆದರೆ ನೆನಪು ಮೊನ್ನೆ ಮೊನ್ನೆಯದರಂತೆ. ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ನಾವು ಕನ್ನಡಕ್ಕೆ ತಂದಿದ್ದೇವೆ.

"ಆಗ ನನಗೆ ಆರೋ ಏಳೋ ವರ್ಷ ಮೋನೇ. ಸ್ವಾತಂತ್ರ್ಯ ಬಂತು ಅಂತ ದೊಡ್ಡವರೆಲ್ಲ ಮಾತಾಡ್ತಿದ್ರು. ನನಗೆ ಅದೆಲ್ಲ ಎಂತ ಗೊತ್ತು? ನನಗೆ ಉಪ್ಪ ತರ್ತೇನೆ ಅಂತ ಹೇಳಿದ ಕುಪ್ಪಾಯದ್ದೇ ಯೋಚನೆ."

1947ರ ಆಗಸ್ಟ್ 15 ಶುಕ್ರವಾರ. ರಂಝಾನಿನ ಕೊನೆಯ ದಿನಗಳು. ಮೂರ್ನಾಲ್ಕು ದಿನಗಳಲ್ಲೇ ಪೆರ್ನಾಲ್. ಅವರ ಉಪ್ಪ ಮಂಗಳೂರು ಬಂದರಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆಗ ನೇತ್ರಾವತಿಗೆ ಉಳ್ಳಾಲದಲ್ಲಿ ರಸ್ತೆ ಸೇತುವೆ ಇಲ್ಲ. ಪೇಟೆಗೆ ಹೋಗಬೇಕಾದವರು ಕಡವಿಗೆ ಬಂದು ದೋಣಿ ಕಾಯಬೇಕು. ಇನ್ನೊಂದು ದಾರಿ ರೈಲು. 1907ರಲ್ಲಿ ಮಲಬಾರಿನ ಕಡೆಯಿಂದ ಮಂಗಳೂರಿಗೆ ರೈಲು ಬಂದಾಗ ನೇತ್ರಾವತಿಗೆ ಕಟ್ಟಿದ ಸೇತುವೆ ಇತ್ತಲ್ಲ, ಅದು.

ಆ ಸಂಜೆ ಹೊಳೆ ಏರಿತ್ತು. ಕಡವು ನಿಲ್ಲಿಸಿದ್ದರು. ಅಂಗಡಿಯ ಲೆಕ್ಕ ಮುಗಿಸಿ, ಬಟ್ಟೆಯ ಗಂಟು ಹಿಡಿದು ಉಪ್ಪ ಹೊರಡುವಾಗ ಸಂಜೆಯ ರೈಲು ಹೋಗಿಯಾಗಿತ್ತು. ಪೇಟೆಯಲ್ಲಿ ನಾಳೆ ಪೆರ್ನಾಲ್ ಅಂತ ಸುದ್ದಿ ಬಂದಿತ್ತು. ಹೊಳೆಯ ಆಚೆ ಬದಿಗೆ ಆ ಸುದ್ದಿ ಬಂದಿರಲಿಲ್ಲ.

"ಉಪ್ಪ ಒಬ್ಬರೇ ಅಲ್ಲ, ಒಟ್ಟಿಗೆ ನಾಲ್ಕೈದು ಜನ ಇದ್ರಂತೆ. ಎಲ್ಲರೂ ರೈಲು ಸೇತುವೆ ಮೇಲೆ ನಡೆದದ್ದು. ಕತ್ತಲೆ, ಮಳೆ. ಒಂದೇ ಲಾಟೀನು. ಕಾಲಿನ ಅಡಿಯಲ್ಲಿ ಹೊಳೆ ಬೊಬ್ಬೆ ಹಾಕ್ತಾ ಇತ್ತಂತೆ. ಗಂಟನ್ನು ತಲೆಯ ಮೇಲೆ ಕಟ್ಟಿಕೊಂಡು, ಒಂದೊಂದೇ ಸ್ಲೀಪರ್ ಮೆಟ್ಟಿ ಬಂದರು. ಬಂದವರೇ ಮನೆಗೆ ಬರ್ಲಿಲ್ಲ, ಮೊದಲು ಪಳ್ಳಿಗೆ ಹೋಗಿ ಹೇಳಿದ್ರು. ನಮಗೆ ಪಳ್ಳಿಯ ತಕ್ಬೀರ್ ಕೇಳಿದ ಮೇಲೆಯೇ ಉಪ್ಪ ಬಂದದ್ದು ಗೊತ್ತಾದದ್ದು."

ಕುಪ್ಪಾಯ ಒದ್ದೆಯಾಗಿತ್ತು. ಅವರ ಉಮ್ಮ ರಾತ್ರಿಯಿಡೀ ಒಲೆಯ ಮೇಲಿನ ಅಟ್ಟಕ್ಕೆ ಹರವಿ ಒಣಗಿಸಿದರು. ಬೆಳಿಗ್ಗೆ ಹಾಕಿಕೊಂಡರೆ ಹೊಸ ಬಟ್ಟೆಯ ವಾಸನೆ ಇಲ್ಲ, ಹೊಗೆಯ ವಾಸನೆ. "ಇವತ್ತಿಗೂ ಯಾರಾದರೂ ಹೊಸ ಬಟ್ಟೆ ತಂದುಕೊಟ್ಟರೆ ನಾನು ಮೂಸಿ ನೋಡ್ತೇನೆ. ಹೊಗೆ ವಾಸನೆ ಇಲ್ಲದಿದ್ದರೆ ಪೆರ್ನಾಲ್ ಅಂತ ಅನಿಸುವುದೇ ಇಲ್ಲ" ಅಂತ ಹೇಳಿ ನಕ್ಕರು. ನಗುತ್ತಾ ತಟ್ಟಿಯ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನೂ ನಾವು ನೋಡಿದೆವು.

ದೋಣಿ, ಮಂಜಿ ಮತ್ತು ಸ್ಟೀಮರ್

ಆ ಕಾಲದ ನಮ್ಮ ಜಿಲ್ಲೆಯ ನಕ್ಷೆ ಬಿಡಿಸಿದರೆ ರಸ್ತೆಗಿಂತ ಹೊಳೆಯೇ ಜಾಸ್ತಿ ಕಾಣುತ್ತದೆ. ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ, ಕಲ್ಯಾಣಪುರ ಅಂತ ಸಾಲು ಸಾಲು ಹೊಳೆಗಳು. ಒಂದೊಂದು ಹೊಳೆಯ ದಡದಲ್ಲಿಯೂ ಇಳಿ, ದೋಣಿ ಹತ್ತು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿ. ಕೂಳೂರಿನ ಕಮಾನು ಸೇತುವೆ ಆದದ್ದು 1952ರಲ್ಲಿ. ಅದಕ್ಕೆ ಮೊದಲು ಸುರತ್ಕಲ್ ಕಡೆಯ ಮಗಳ ಮನೆಗೆ ಪೆರ್ನಾಲಿಗೆ ಹೋಗುವುದೆಂದರೆ ಗಂಟುಮೂಟೆ, ಕೋಳಿ, ಮಕ್ಕಳು ಎಲ್ಲವೂ ದೋಣಿಯಲ್ಲಿ.

ಪೂರ್ವಕ್ಕೆ ಹೋದರೆ ನೇತ್ರಾವತಿಯೇ ದಾರಿ. ಮಂಗಳೂರಿನಿಂದ ಅಡ್ಯಾರ್, ಫರಂಗಿಪೇಟೆ, ಪಾಣೆಮಂಗಳೂರು, ಬಂಟ್ವಾಳದವರೆಗೆ ಸರಕಿನ ದೋಣಿಗಳು ಓಡಾಡುತ್ತಿದ್ದವು. ಹೋಗುವಾಗ ಉಪ್ಪು, ಒಣಮೀನು, ಬಟ್ಟೆ. ಬರುವಾಗ ಅಕ್ಕಿ, ಅಡಿಕೆ, ತೆಂಗಿನಕಾಯಿ. ಪೆರ್ನಾಲ್ ಹತ್ತಿರ ಬಂದರೆ ಇದೇ ದೋಣಿಗಳಲ್ಲಿ ಖರ್ಜೂರ, ತುಪ್ಪದ ಡಬ್ಬ, ಅತ್ತರಿನ ಸಣ್ಣ ಸಣ್ಣ ಕುಪ್ಪಿ. ನಮ್ಮ ಬ್ಯಾರಿ ಎಂಬ ಹೆಸರಿಗೂ ವ್ಯಾಪಾರಕ್ಕೂ ನಂಟು ಹೇಳುವವರಿದ್ದಾರೆ. ವ್ಯಾಪಾರ ಅಂದ ಮೇಲೆ ಗಾಡಿ, ದೋಣಿ, ಹೊರೆ ಎಲ್ಲವೂ ಬಂತಲ್ಲ?

ಕಡಲಿನ ದಾರಿಯೂ ಇತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು ಅಂದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. ದ್ವೀಪದವರು ಮಂಜಿಗಳಲ್ಲಿ ತೆಂಗಿನ ಹುರಿಹಗ್ಗ, ಕೊಬ್ಬರಿ ತುಂಬಿಸಿ ನಮ್ಮ ಹಳೆ ಬಂದರಿಗೆ ಬರುತ್ತಿದ್ದರು. ಅಕ್ಕಿ, ಬಟ್ಟೆ, ಸಾಂಬಾರ ಸಾಮಾನು ಹೊತ್ತು ಮರಳುತ್ತಿದ್ದರು. ಮಳೆಗಾಲ ಹಿಡಿಯಿತೆಂದರೆ ಮಂಜಿ ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಪೆರ್ನಾಲ್ ಮಳೆಯಲ್ಲಿ ಬೀಳುವ ವರ್ಷಗಳಲ್ಲಿ ಆ ದ್ವೀಪಗಳ ಹಬ್ಬದ ಅಕ್ಕಿ ಮೇ ತಿಂಗಳಲ್ಲೇ ಬಂದರಿನಿಂದ ಹೊರಟಿರಬೇಕು. ನಾವು ಹಬ್ಬಕ್ಕೆ ಎರಡು ದಿನ ಇರುವಾಗ ಸಾಮಾನಿಗೆ ಓಡುವವರು. ಅವರು ಎರಡು ಮೂರು ತಿಂಗಳು ಮೊದಲೇ ಹಬ್ಬವನ್ನು ಕಟ್ಟಿಕೊಂಡು ಹೋಗುತ್ತಿದ್ದರು.

ಬೊಂಬಾಯಿಯ ನಂಟಂತೂ ಸ್ಟೀಮರಿನದ್ದು. ಹೋಟೆಲು, ಬೇಕರಿ, ಹಡಗುಕಟ್ಟೆಯ ಕೆಲಸಕ್ಕೆ ಹೋದ ನಮ್ಮ ಹುಡುಗರು ಕರಾವಳಿಯ ಸ್ಟೀಮರ್ ಹಿಡಿದು ಊರಿಗೆ ಬರುತ್ತಿದ್ದರು. ಹಳೆ ಬಂದರಿನ ಅಳಿವೆಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗು ಒಳಗೆ ಬರುವಂತಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ದಡಕ್ಕೆ. ಟ್ರಂಕು ದೋಣಿಗೆ ಇಳಿಸುವಾಗ ಎಷ್ಟೋ ಸಲ ಕಡಲಿಗೆ ಬಿದ್ದದ್ದೂ ಉಂಟಂತೆ. ಆದರೆ ಸ್ಟೀಮರ್‌ಗೂ ಮಳೆಗಾಲದಲ್ಲಿ ರಜೆ. ಮಳೆಗಾಲದ ಪೆರ್ನಾಲಿಗೆ ಬೊಂಬಾಯಿಯ ಮಗ ಬರುವುದಿಲ್ಲ ಅಂತ ಉಮ್ಮಂದಿರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅವನ ಪಾಲಿನ ಪತ್ತಿರ್ ಮಾತ್ರ ಹೇಗೋ ಲೆಕ್ಕಕ್ಕೆ ಸೇರಿಬಿಡುತ್ತಿತ್ತು.

ಕೊನೆಯ ಬಸ್ಸಿನ ಹಾರ್ನ್

ಎರಡನೇ ಆಗಸ್ಟ್ 1980. ಇದು ನಾವೇ ಕಂಡದ್ದು. ಆಗ ನಾವು ನಾಲ್ಕನೇ ಕ್ಲಾಸಿನ ಹುಡುಗರು. ತೊಕ್ಕೊಟ್ಟಿನಿಂದ ಒಳಗೆ, ಗುಡ್ಡದ ಮೇಲಿನ ಒಂದು ಸಣ್ಣ ಊರು.

ಅಷ್ಟು ಹೊತ್ತಿಗೆ ನೇತ್ರಾವತಿಗೆ ರಸ್ತೆ ಸೇತುವೆ ಆಗಿತ್ತು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದು ಸಲೀಸು. ಬಸ್ಸು ನಮ್ಮ ಜಿಲ್ಲೆಗೆ ಹೊಸತಲ್ಲ. ಸಿಪಿಸಿ ಅಂತ ಎಲ್ಲರೂ ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಮಂಗಳೂರಿನಲ್ಲಿ ಶುರುವಾದದ್ದು 1914ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದ್ದನ್ನು ಹಿರಿಯರು ನೆನಪಿಸಿಕೊಳ್ಳುತ್ತಿದ್ದರು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಟಿಕೆಟೂ ನಮ್ಮದೇ, ನೂಕುವುದೂ ನಾವೇ ಅಂತ ತಮಾಷೆ.

1980ರ ನಮ್ಮ ಊರಿಗೆ ದಿನಕ್ಕೆ ಮೂರು ಬಸ್ಸು. ಫೋನ್ ಇದ್ದದ್ದು ಒಂದೇ ಮನೆಯಲ್ಲಿ, ಅದೂ ಮಳೆ ಬಂದರೆ ಸತ್ತಿರುತ್ತಿತ್ತು. ರೇಡಿಯೋ ಇತ್ತು. 1976ರಲ್ಲೇ ಮಂಗಳೂರು ಆಕಾಶವಾಣಿ ಶುರುವಾಗಿತ್ತು. ಆದರೆ ಗುಡ್ಡದ ಮಳೆ ಸಿಡಿಲಿನ ನಡುವೆ ಅದು ಮಾತಾಡಿದ್ದಕ್ಕಿಂತ ಕರಕರ ಅಂದದ್ದೇ ಹೆಚ್ಚು. ಉಳಿದದ್ದು ಕೊನೆಯ ಬಸ್ಸು. ರಾತ್ರಿ ಒಂಬತ್ತರ ಹೊತ್ತಿಗೆ ಬಂದು, ನಮ್ಮೂರಲ್ಲೇ ಉಳಿದು, ಬೆಳಿಗ್ಗೆ ಹೊರಡುವ ಬಸ್ಸು.

ಆ ರಾತ್ರಿ ಕಟ್ಟೆಯ ಹತ್ತಿರ ಇಡೀ ಊರಿನ ಗಂಡಸರು, ಮಕ್ಕಳು ಕೊಡೆ ಹಿಡಿದು ನಿಂತಿದ್ದೆವು. ಆಕಾಶ ಮುಚ್ಚಿ ಹೋಗಿತ್ತು. ಒಂಬತ್ತಾಯಿತು, ಒಂಬತ್ತೂವರೆ ಆಯಿತು. ಬಸ್ಸಿಲ್ಲ. ಮರ ಬಿದ್ದಿರಬೇಕು ಅಂತ ಒಬ್ಬರು. ಹಾಗಾದರೆ ಮೂವತ್ತು ಪೂರ್ತಿ ಮಾಡುವ ಅಂತ ಇನ್ನೊಬ್ಬರು. ಉಸ್ತಾದರು ಮಾತಾಡದೆ ಪಳ್ಳಿಯ ಜಗಲಿಯಲ್ಲಿ ಕೂತಿದ್ದರು. ಫಿತ್ರ್ ಝಕಾತಿನ ಅಕ್ಕಿ ಚೀಲಗಳು ಗೋಡೆಗೆ ಒರಗಿ ಕೂತಿದ್ದವು.

ಆಗ ಕೆಳಗಿನ ತಿರುವಿನಿಂದ ಹಾರ್ನ್ ಕೇಳಿತು. ಒಂದು ಸಲ ಅಲ್ಲ. ಉದ್ದಕ್ಕೆ, ಬಿಡದೆ, ಏರು ಹತ್ತುವವರೆಗೂ. ಯಾರೂ ಹೇಳಬೇಕಾಗಿರಲಿಲ್ಲ. ಮಕ್ಕಳೆಲ್ಲ ಕೊಡೆ ಬಿಸಾಡಿ ಬೊಬ್ಬೆ ಹಾಕಿದೆವು. ಬಸ್ಸು ನಿಂತಿತು, ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ತುಳುವಿನಲ್ಲಿ ಕೂಗಿದರು, ನಾಳೆ ನಿಮ್ಮ ಹಬ್ಬ ಅಂತ. ಅವರು ನಮ್ಮ ಜಾತಿಯವರಲ್ಲ. ಗಣಪತಿಯ ಸಣ್ಣ ಪಟ, ಅದಕ್ಕೊಂದು ಅಬ್ಬಲಿಗೆ ಮಾಲೆ ಇದ್ದ ಬಸ್ಸು ಅದು. ಕಂಡಕ್ಟರ್ ಮಾತ್ರ ನಮ್ಮ ಬ್ಯಾರಿ. "ದುಂಬು ಪೋಲೆ, ದುಂಬು ಪೋಲೆ" ಅಂತ ದಿನವಿಡೀ ಗಂಟಲು ಹರಿದುಕೊಳ್ಳುವ ಮನುಷ್ಯ, ಆ ರಾತ್ರಿ ಬಸ್ಸಿನ ಮೆಟ್ಟಿಲಿನಲ್ಲೇ ನಿಂತು ತಕ್ಬೀರ್ ಹೇಳಿದರು. ಹಿಂದಿನಿಂದ ಅಕ್ಕಿ ಚೀಲಗಳು ಎದ್ದವು.

ಮರುದಿನ ಬೆಳಿಗ್ಗೆ ಅದೇ ಬಸ್ಸು ಹೊರಟಾಗ ಕಂಡಕ್ಟರ್ ಬೇರೆ. ಕೇಳಿದರೆ, ಅವರಲ್ಲಿ ಒಂದು ಒಪ್ಪಂದ ಇತ್ತಂತೆ. ಪೆರ್ನಾಲಿಗೆ ಇವರಿಗೆ ರಜೆ, ಅವರ ಡ್ಯೂಟಿ. ಚೌತಿಗೆ, ದೀಪಾವಳಿಗೆ ಅವರಿಗೆ ರಜೆ, ಇವರ ಡ್ಯೂಟಿ. ಯಾವ ಸೌಹಾರ್ದ ಸಭೆಯಲ್ಲಿಯೂ ಆದ ಠರಾವಲ್ಲ ಇದು. ಬಸ್ಸು ನಿಲ್ಲಬಾರದು, ಯಾರ ಮನೆಯ ಹಬ್ಬವೂ ನಿಲ್ಲಬಾರದು, ಅಷ್ಟೆ.

ಹಬ್ಬದ ಮರುದಿನದ ಬಸ್ಸು

ಪೆರ್ನಾಲಿನ ದಿನ ಗಂಡಸರದ್ದಾದರೆ, ಮರುದಿನ ಹೆಂಗಸರದ್ದು. ನಮಗೆ ಚೆನ್ನಾಗಿ ನೆನಪಿದೆ. ಹಬ್ಬದ ದಿನ ಉಮ್ಮ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಹೊಸ ಸೀರೆ ಉಟ್ಟು, ಡಬ್ಬಿಯಲ್ಲಿ ನೈಪತ್ತಿರ್ ತುಂಬಿಸಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬಸ್ಸು ಕಾಯುತ್ತಿದ್ದರು. ತವರಿಗೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಬಂದು ಕರೆದುಕೊಂಡು ಹೋಗಬೇಕಾಗಿಲ್ಲ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಚಿಲ್ಲರೆ ಇದ್ದರೆ ಸಾಕು. ಕಂಡಕ್ಟರ್ ನಮ್ಮನ್ನು ಎಣಿಸಿ, ಅರ್ಧ ಟಿಕೆಟಿನವರನ್ನು ಕಣ್ಣಳತೆಯಲ್ಲೇ ಬಿಟ್ಟು, "ಪೆರ್ನಾಲ್ ಅಲ್ವಾ ಉಮ್ಮ" ಅಂತ ನಗುತ್ತಿದ್ದರು.

ಆ ದಿನದ ಬಸ್ಸಿನ ಒಳಗೆ ಕಾಲಿಟ್ಟರೆ ಅತ್ತರಿನ ಗಮ್ಮೆನ್ನುವ ವಾಸನೆ. ಹೊಸದಾಗಿ ಮದುವೆಯಾದ ಪುದಿಯಾಪ್ಲೆಗಳು ಬಿಳಿ ಶರಟಿಗೆ ಸುಕ್ಕು ಬೀಳದಂತೆ ನೆಟ್ಟಗೆ ನಿಂತಿರುವುದು. ಅವರ ಕೈಯಲ್ಲಿ ಬೇಕರಿ ಪೊಟ್ಟಣ. ಯಾರದೋ ಮಗು ಯಾರದೋ ಮಡಿಲಲ್ಲಿ. ಮುಂದಿನ ಸೀಟಿನ ಶೆಟ್ಟರ ಹೆಂಗಸೊಬ್ಬರು ನಮ್ಮ ಡಬ್ಬಿ ನೋಡಿ "ಎಂತ ಮಾಡಿದ್ದು ಈ ಸಲ?" ಅಂತ ಕೇಳಿದರೆ ಉಮ್ಮ ಡಬ್ಬಿ ಬಿಚ್ಚಿಯೇ ಬಿಡುತ್ತಿದ್ದರು. ತವರು ತಲುಪುವ ಹೊತ್ತಿಗೆ ಡಬ್ಬಿ ಅರ್ಧ.

ರೈಲಿನದ್ದೂ ಹಾಗೆಯೇ. 1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿದ್ದ ನಮ್ಮ ಅತ್ತಿಗೆ, ನಾದಿನಿ, ಭಾವಂದಿರು ಎಲ್ಲಿಗೂ ಹೋಗಲಿಲ್ಲ. ಪೆರ್ನಾಲಿನ ಮರುದಿನದ ಲೋಕಲ್ ರೈಲು ಆ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇನ್ನು ಘಟ್ಟದ ಮೇಲಿನವರು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ವ್ಯಾಪಾರಕ್ಕೆ ಹೋದವರು ಹಬ್ಬಕ್ಕೆ ಎರಡು ದಿನ ಇರುವಾಗ ಚಾರ್ಮಾಡಿ, ಶಿರಾಡಿ ಘಾಟಿ ಇಳಿದು ಬರುತ್ತಿದ್ದರು. 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು ಶುರುವಾದ ಮೇಲೆ ಸುರಂಗಗಳ ದಾರಿಯೂ ಆಯಿತು. ಮಳೆಗಾಲದಲ್ಲಿ ಘಾಟಿ ಜರಿದು ರಸ್ತೆ ಬಂದ್ ಆದರೆ ಅವರ ಪೆರ್ನಾಲ್ ಬಸ್ಸಿನಲ್ಲೇ. ದಾರಿಯ ಯಾವುದೋ ಹೋಟೆಲಿನ ಬೆಂಚಿನ ಮೇಲೆ, ಮನೆಗೆಂದು ಕಟ್ಟಿಸಿಕೊಂಡ ಕಿತ್ತಳೆಯನ್ನು ಜೊತೆಗಿದ್ದವರಿಗೆ ಹಂಚಿ.

ಬೊಂಬಾಯಿಯಿಂದ ಬಜ್ಪೆಗೆ

1980ರ ಅದೇ ಪೆರ್ನಾಲಿಗೆ ಇನ್ನೊಂದು ನೆನಪು ಅಂಟಿಕೊಂಡಿದೆ. ನಮ್ಮ ದೊಡ್ಡ ಅಣ್ಣ ಗಲ್ಫಿಗೆ ಹೋಗಿ ಎರಡು ವರ್ಷವಾಗಿತ್ತು. ಬರಲಿಲ್ಲ, ಒಂದು ಕ್ಯಾಸೆಟ್ ಕಳಿಸಿದ್ದರು. ಪಕ್ಕದ ಊರಿನ ಒಬ್ಬರು ವಿಮಾನದಲ್ಲಿ ಬೊಂಬಾಯಿಗೆ ಬಂದು, ಅಲ್ಲಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು, ಊದಿದ ಕಾಲಿನಲ್ಲಿ ಅದನ್ನು ತಂದುಕೊಟ್ಟರು. ಟೇಪ್‌ರೆಕಾರ್ಡರ್ ಇದ್ದ ಮನೆಗೆ ಎಲ್ಲರೂ ಹೋದೆವು. "ಉಮ್ಮ, ಅಸ್ಸಲಾಮು ಅಲೈಕುಂ" ಅಂತ ಅಣ್ಣನ ದನಿ ಕೇಳಿದ್ದೇ ತಡ, ಉಮ್ಮ ಯಂತ್ರಕ್ಕೆ ಸಲಾಂ ಮರಳಿಸಿದರು. ಯಾರೂ ನಗಲಿಲ್ಲ.

ಬಜ್ಪೆಯಲ್ಲಿ ವಿಮಾನ ನಿಲ್ದಾಣ ಇರಲಿಲ್ಲವೇ? ಇತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಇದ್ದ ಡಕೋಟಾ ವಿಮಾನ ಅಲ್ಲಿ ಇಳಿದೇ ಉದ್ಘಾಟನೆ ಆದದ್ದು. ಆದರೆ ಅಲ್ಲಿಂದ ನೇರ ಗಲ್ಫಿಗೆ ಹಾರುವ ಭಾಗ್ಯ ನಮಗೆ ಬಂದದ್ದು 2006ರಲ್ಲಿ. ಅಷ್ಟೂ ವರ್ಷ ನಮ್ಮ ಮಕ್ಕಳು ಬೊಂಬಾಯಿ ಸುತ್ತಿಯೇ ಮನೆಗೆ ಬಂದರು. ನಡುವೆ ಕೊಂಕಣ ರೈಲು ಬಂತು. 1993ರಲ್ಲಿ ಉಡುಪಿಯವರೆಗೆ ತುಂಡು ದಾರಿ, 1998ರ ಜನವರಿಯಲ್ಲಿ ಪೂರ್ತಿ ದಾರಿ. ಮಳೆಗಾಲದಲ್ಲಿ ಸ್ಟೀಮರ್ ಇಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡ ಉಮ್ಮಂದಿರ ಕಾಲ ಅಲ್ಲಿಗೆ ಮುಗಿಯಿತು.

ಬಜ್ಪೆಯ ಹೆಸರು ಹೇಳುವಾಗ 2010ರ ಮೇ 22ನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ದುಬೈಯಿಂದ ಬಂದ ವಿಮಾನ, 158 ಜೀವ. ಮನೆಗೆ ಬರುವ ದಾರಿಯ ಕೊನೆಯ ತಿರುವಿನಲ್ಲಿ ಹೋದವರು. ಊರು ಸೇರುವುದು ಎಷ್ಟು ದೊಡ್ಡ ನಿಅಮತ್ ಅಂತ ಆ ಬೆಳಿಗ್ಗೆ ಇಡೀ ಕರಾವಳಿಗೆ ತಿಳಿಯಿತು. ಆಮೇಲಿನ ಒಂದೊಂದು ಪೆರ್ನಾಲಿಗೂ ವಿಮಾನದ ಸದ್ದು ಕೇಳಿದಾಗ ದುಆಕ್ಕೆ ಕೈ ಎತ್ತುವ ಉಮ್ಮಂದಿರನ್ನು ನಾವು ಬಲ್ಲೆವು.

ಕಾರು ಬಂತು, ಸೀಟು ಉಳಿಯಿತು

ಮೂರನೇ ಆಗಸ್ಟ್, 2013. ಅಷ್ಟರಲ್ಲಿ ಎಲ್ಲರ ಕಿಸೆಯಲ್ಲೂ ಮೊಬೈಲ್. ಅಂಗಳದಲ್ಲಿ ಕಾರು, ಬೈಕು. ಕಟ್ಟೆಯ ಹತ್ತಿರ ಯಾರೂ ಕೊಡೆ ಹಿಡಿದು ನಿಲ್ಲಲಿಲ್ಲ. ಕೊನೆಯ ಬಸ್ಸು ಬಂತು, ಖಾಲಿ ಖಾಲಿ. ಹಾರ್ನ್ ಹಾಕಲಿಲ್ಲ. ಹಾಕಿ ಯಾರಿಗೆ ಹೇಳುವುದು?

ಅನುಕೂಲ ಬೇಡ ಅಂತ ನಾವು ಹೇಳುವುದಿಲ್ಲ. ರೈಲು ಸೇತುವೆಯ ಮೇಲೆ ಗಂಟು ಹೊತ್ತು ನಡೆದವರ ಮಕ್ಕಳು ಕಾರಿನಲ್ಲಿ ಹೋಗುವುದು ಸಂತೋಷದ ಸಂಗತಿಯೇ. ಆ ಉಪ್ಪಂದಿರು ಕಷ್ಟಪಟ್ಟದ್ದು ಅದಕ್ಕೇ. ಆದರೆ ಎರಡು ಮಾತು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಒಂದು, ನಮ್ಮ ಹುಡುಗರಿಗೆ. ಪೆರ್ನಾಲಿನ ಸಂಜೆ ಹೆದ್ದಾರಿಯಲ್ಲಿ ಮೂರು ಮೂರು ಜನ ಬೈಕ್ ಹತ್ತಿ ಹಾರುವುದು ಹಬ್ಬ ಅಲ್ಲ ಮೋನು. ಬೆಳಿಗ್ಗೆ ಹೊಸ ಬಟ್ಟೆ ಹಾಕಿ ಹೋದವನು ಸಂಜೆ ಬಿಳಿ ಬಟ್ಟೆಯಲ್ಲಿ ಬಂದ ಮನೆಗಳಿಗೆ ನಾವು ಹೋಗಿದ್ದೇವೆ. ಆ ಮನೆಗಳಲ್ಲಿ ಆಮೇಲೆ ಪೆರ್ನಾಲ್ ಬರುವುದೇ ಇಲ್ಲ.

ಎರಡು, ನಮಗೆಲ್ಲ. ಹಬ್ಬದ ಮರುದಿನ ಡಬ್ಬಿ ಹಿಡಿದು ತಾನೇ ಬಸ್ಸು ಹತ್ತಿ ತವರಿಗೆ ಹೋಗುತ್ತಿದ್ದ ಉಮ್ಮ ಈಗ ಎಲ್ಲಿದ್ದಾರೆ? ಜಗಲಿಯಲ್ಲಿ ಕೂತು ಮಗನ ಕಾರು ಕಾಯುತ್ತಿದ್ದಾರೆ. ಮಗ ಅವನ ಹೆಂಡತಿಯ ಮನೆಗೆ ಹೋಗಿದ್ದಾನೆ, ಆಮೇಲೆ ಗೆಳೆಯರ ಜೊತೆ ಬೀಚಿಗೆ. ಒಳಊರಿಗೆ ಇದ್ದ ಮೂರು ಬಸ್ಸಿನಲ್ಲಿ ಈಗ ಉಳಿದದ್ದು ಒಂದು. ಜನ ಇಲ್ಲ ಅಂತ ನಿಲ್ಲಿಸಿದರು, ಬಸ್ಸು ಇಲ್ಲ ಅಂತ ಜನ ಬೈಕು ಕೊಂಡರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಆ ಶಕ್ತಿ ನಮ್ಮ ಎಷ್ಟೋ ಉಮ್ಮಂದಿರ ಬಾಗಿಲವರೆಗೆ ಬರಲೇ ಇಲ್ಲ. ಒಳದಾರಿಗೆ ಒಂದಾದರೂ ಸರ್ಕಾರಿ ಬಸ್ಸು ಕೊಡಿ ಅಂತ ಪಂಚಾಯತಿನಲ್ಲಿ, ಶಾಸಕರ ಹತ್ತಿರ ಕೇಳುವ ಕೆಲಸ ಜಮಾಅತಿನದ್ದೂ ಹೌದು. ಪಳ್ಳಿಯ ಗೋಪುರಕ್ಕೆ ಚಂದಾ ಎತ್ತುವಷ್ಟೇ ಉತ್ಸಾಹದಲ್ಲಿ ಒಮ್ಮೆ ಇದನ್ನೂ ಕೇಳಿ ನೋಡೋಣ.

ಮೊನ್ನೆ ಆ ಹಿರಿಯ ಉಮ್ಮನ ಮನೆಯಿಂದ ಹೊರಡುವಾಗ ನಾವು ಕೇಳಿದೆವು, ಈಗ ಪೆರ್ನಾಲಿಗೆ ಎಲ್ಲಿಗೆ ಹೋಗ್ತೀರಿ ಅಂತ. ಅವರ ತಂಗಿ ಹೊಳೆಯ ಆಚೆ ಬದಿಯಲ್ಲಿದ್ದಾರೆ, ಜೆಪ್ಪಿನ ಕಡೆ. ಕಾರಿನಲ್ಲಿ ಹದಿನೈದು ನಿಮಿಷ. ನೋಡಿ ಮೂರು ವರ್ಷ ಆಯಿತಂತೆ.

"ಸೇತುವೆ ಉಂಟು ಮೋನೇ" ಅಂದರು. "ಕರಕೊಂಡು ಹೋಗುವವರು ಇಲ್ಲ."

ಆ ಮಾತು ಕೇಳಿ ನಾವು ಕಾರಿನ ಬಾಗಿಲು ತೆಗೆದದ್ದು ಹಾಗೆಯೇ ನಿಂತೆವು. ಹಿಂದಿನ ಸೀಟು ಖಾಲಿಯೇ ಇತ್ತು. ಅರ್ಧ ಗಂಟೆಯಲ್ಲಿ ಉಮ್ಮ ಸೀರೆ ಬದಲಿಸಿ, ಒಂದು ಡಬ್ಬಿ ಹಿಡಿದು ಬಂದು ಕೂತರು. ಸೇತುವೆಯ ಮೇಲೆ ಬರುವಾಗ ಕಿಟಕಿಯ ಗಾಜು ಇಳಿಸಲು ಹೇಳಿದರು. ಪಕ್ಕದ ರೈಲು ಸೇತುವೆಯ ಕಡೆ ನೋಡುತ್ತಾ, "ಉಪ್ಪ ಬಂದದ್ದು ಅಲ್ಲಿಂದ" ಅಂದರು. ಮತ್ತೆ ತಂಗಿಯ ಮನೆ ಬರುವವರೆಗೆ ಮಾತಾಡಲಿಲ್ಲ.

ಈ ಪೆರ್ನಾಲಿಗೆ ಕಾರು ಸ್ಟಾರ್ಟ್ ಮಾಡುವ ಮೊದಲು ಹಿಂದಿನ ಸೀಟು ಒಮ್ಮೆ ನೋಡಿ. ಖಾಲಿ ಇದ್ದರೆ ಪಕ್ಕದ ಮನೆಯ ಉಮ್ಮನನ್ನು ಕೇಳಿ, ಎಲ್ಲಿಗಾದರೂ ಹೋಗ್ಲಿಕ್ಕೆ ಉಂಟಾ ಅಂತ.